ದೈತ್ಯನೂ ಆರಿಂಚು, ಗಿಡ್ಡನೂ ಆರಿಂಚು

ವಿಷುವಿನ ಮರುದಿನ, ಕುಂಬಳೆ ಸೀಮೆಯ ಒಂದು ಮನೆಯ ಜಗಲಿಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಅಡಿಪಟ್ಟಿ ಹಿಡಿದು ಕುಳಿತಿದ್ದ. ಹಿರಿಯರು ಕೈಗಿತ್ತ ಹಣವನ್ನೆಲ್ಲ ಕೂಡಿಸಿ ಕೊಂಡ ಎರಡು ಗೊಂಬೆಗಳು ಅವನ ಮುಂದೆ ನಿಂತಿದ್ದವು: ಹಸುರು ಮೈಯ ದೈತ್ಯ ಹಲ್ಕ್ ಮತ್ತು ಉಕ್ಕಿನ ಉಗುರುಗಳ ವುಲ್ವರಿನ್. ಕಥೆಯಲ್ಲಿ ವುಲ್ವರಿನ್ ಗಿಡ್ಡ ಆಳು; ಹಲ್ಕನ ಭುಜಕ್ಕೂ ಬಾರನು. ಜಗಲಿಯ ಮೇಲೆ ಮಾತ್ರ ಇಬ್ಬರೂ ಸರಿಸಮ, ತಲಾ 15 ಸೆಂಟಿಮೀಟರು. ಸೋದರಮಾವನ ಮಗ ಬಿಟ್ಟುಹೋಗಿದ್ದ ಹಳೆಯ ವುಲ್ವರಿನ್ ಒಂದಿತ್ತು. ಅದು ಇವರಿಬ್ಬರ ಎದೆಯ ಮಟ್ಟವನ್ನೂ ಮುಟ್ಟುತ್ತಿರಲಿಲ್ಲ. ಅಳೆದರೆ ಒಂಬತ್ತೂವರೆ ಸೆಂಟಿಮೀಟರು.

"ಇವುಗಳಲ್ಲಿ ಸರಿಯಾದದ್ದು ಯಾವುದಪ್ಪಾ?"

"ನೀನು ಎಣಿಸಿಕೊಟ್ಟ ದುಡ್ಡೊಂದೇ ಸರಿ" ಎಂದು ತಂದೆ ಪತ್ರಿಕೆಯಿಂದ ತಲೆಯೆತ್ತದೆಯೇ ಹೇಳಿದರು.

ಹುಡುಗನ ಪ್ರಶ್ನೆ ನಗೆಯಲ್ಲಿ ತೇಲಿಸಿಬಿಡುವಂಥದ್ದಲ್ಲ. ಗೊಂಬೆಯ ಡಬ್ಬಿಯ ಮೇಲೆ ಅಚ್ಚಾದ '6 ಇಂಚು' ಎಂಬುದು ಎತ್ತರವೇ ಹೊರತು ಪ್ರಮಾಣವಲ್ಲ. ಪ್ರಮಾಣವೆಂದರೇನೆಂಬುದನ್ನು ಸಮಾಜ ವಿಜ್ಞಾನದ ತರಗತಿಯಲ್ಲಿ ಮಕ್ಕಳು ಕಲಿತೇ ಇರುತ್ತಾರೆ. ಭೂಪಟದ ಮೂಲೆಯಲ್ಲಿ 1:10,00,000 ಎಂದಿದ್ದರೆ ಅಲ್ಲಿಯ ಒಂದು ಸೆಂಟಿಮೀಟರು ನೆಲದ ಮೇಲಣ ಹತ್ತು ಕಿಲೋಮೀಟರು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು ಐದು ಸೆಂಟಿಮೀಟರು. ಒಂದೇ ಹಾಳೆಯಲ್ಲಿ ಒಂದೂರಿಗೊಂದು ಪ್ರಮಾಣ ಬಳಸಿದರೆ ಅದನ್ನು ಭೂಪಟವೆನ್ನಲಾಗದು. ಗೊಂಬೆಯಂಗಡಿಯ ಅಟ್ಟಣೆ ಅಂಥದೊಂದು ಹಾಳೆ.

180 ಸೆಂಟಿಮೀಟರಿನ ಮನುಷ್ಯನನ್ನು 15 ಸೆಂಟಿಮೀಟರಿಗೆ ಇಳಿಸಿದರೆ ಪ್ರಮಾಣ 1:12. ಈ ಲೆಕ್ಕವನ್ನು ನಿಷ್ಠೆಯಿಂದ ಪಾಲಿಸಿದರೆ 'ಸ್ಟಾರ್ ವಾರ್ಸ್' ಚಿತ್ರಗಳ 66 ಸೆಂಟಿಮೀಟರಿನ ಯೋಡಾ ಐದೂವರೆ ಸೆಂಟಿಮೀಟರಾಗಬೇಕು, 228 ಸೆಂಟಿಮೀಟರಿನ ಚ್ಯೂಬಾಕ 19 ಸೆಂಟಿಮೀಟರಾಗಬೇಕು. ಹೆಬ್ಬೆರಳಿನಷ್ಟಿರುವ ಗೊಂಬೆಗೆ ಪೂರ್ತಿ ಬೆಲೆ ಕೊಡುವವರು ಯಾರು? ಉದ್ದನೆಯವನಿಗೆ ಬೇಕಾದ ಹೆಚ್ಚಿನ ಪ್ಲಾಸ್ಟಿಕ್ಕನ್ನು ಅದೇ ಬೆಲೆಗೆ ಕೊಡುವವರು ಯಾರು? ಡಬ್ಬಿ ಒಂದೇ ಅಳತೆಯದು, ತೂಗುಹಾಕುವ ಕೊಕ್ಕೆ ಒಂದೇ, ಬೆಲೆಯ ಚೀಟಿಯೂ ಒಂದೇ. ಹೀಗಾಗಿ ಗಿಡ್ಡರು ಹಿಗ್ಗುತ್ತಾರೆ, ದೈತ್ಯರು ಕುಗ್ಗುತ್ತಾರೆ.

ಈ ಗೊಂದಲಕ್ಕೆ ಅರುವತ್ತು ವರ್ಷಗಳ ಇತಿಹಾಸವಿದೆ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಸಂಸ್ಥೆ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಗೊಂಬೆಯೆಂದರೆ ಗಂಡುಮಕ್ಕಳು ಮುಟ್ಟಲಾರರೆಂಬ ಅಳುಕಿನಿಂದ 'ಆ್ಯಕ್ಷನ್ ಫಿಗರ್' ಎಂಬ ಹೊಸ ಹೆಸರನ್ನು ಅದಕ್ಕೆ ಕಟ್ಟಿದರು. (ಕನ್ನಡಕ್ಕೆ ಆ ಸಂಕೋಚವಿಲ್ಲ, ಎರಡೂ ಗೊಂಬೆಯೇ.) ಆ ಸೈನಿಕ ಹತ್ತಿರ ಹತ್ತಿರ ಹನ್ನೆರಡು ಇಂಚು, ಎಂದರೆ 1:6. ಮುಂದೆ 1973ರ ತೈಲ ಬಿಕ್ಕಟ್ಟು ಪ್ಲಾಸ್ಟಿಕ್ಕನ್ನು ತುಟ್ಟಿಯಾಗಿಸಿತು. 1974ರಲ್ಲಿ ಜಪಾನಿನ ಟಕಾರಾ ಸಂಸ್ಥೆ ಹತ್ತು ಸೆಂಟಿಮೀಟರಿನ ಮೈಕ್ರೋಮ್ಯಾನ್ ಗೊಂಬೆಗಳನ್ನು ಹೊರತಂದಿತು. 1978ರಲ್ಲಿ ಅಮೆರಿಕದ ಕೆನ್ನರ್ ಸಂಸ್ಥೆ 'ಸ್ಟಾರ್ ವಾರ್ಸ್' ಗೊಂಬೆಗಳಿಗೆ ಮೂರೂಮುಕ್ಕಾಲು ಇಂಚಿನ ಅಳತೆಯನ್ನು ಆರಿಸಿತು. ಅದು ಸುಮಾರು 1:18.

ಕೆನ್ನರ್ ಸಂಸ್ಥೆಯ ಆಯ್ಕೆಯ ಹಿಂದೆ ವಿವೇಕವಿತ್ತು. ಆ ಕಥೆಯಲ್ಲಿ ವೀರರಷ್ಟೇ ಮುಖ್ಯ ಅವರ ನೌಕೆಗಳು. ಗೊಂಬೆ ಚಿಕ್ಕದಾದರೆ ಮಾತ್ರ ಅದು ಕುಳಿತುಕೊಳ್ಳುವ ನೌಕೆ ಮನೆಯ ಬಾಗಿಲೊಳಗೆ ಬಂದೀತು. ಹಾಗಿದ್ದರೂ ಲೆಕ್ಕ ಕೂಡಲಿಲ್ಲ. ಮಿಲೇನಿಯಮ್ ಫಾಲ್ಕನ್ ನೌಕೆಯ ಉದ್ದ ಸುಮಾರು 35 ಮೀಟರು. ಅದನ್ನು 18ರಿಂದ ಭಾಗಿಸಿದರೆ ಎರಡು ಮೀಟರಿನ ಸನಿಹದ ಆಟಿಕೆಯಾಗಬೇಕು. 1979ರಲ್ಲಿ ಅಂಗಡಿಗೆ ಬಂದದ್ದು ಅರ್ಧ ಮೀಟರಿಗಿಂತ ತುಸುವೇ ಉದ್ದ. ಇನ್ನೂ ಸ್ವಾರಸ್ಯವಾದದ್ದು 1985ರ ಜಿ.ಐ. ಜೋ ಮಾಲೆಯ ವಿಮಾನವಾಹಕ ಹಡಗು. ಏಳೂವರೆ ಅಡಿ ಉದ್ದದ ಆ ಆಟಿಕೆಯನ್ನು ಇಡಲು ಕೋಣೆಯಲ್ಲಿ ಮಂಚವನ್ನೇ ಸರಿಸಬೇಕು. ಅಮೆರಿಕದ ನಿಮಿಟ್ಜ್ ದರ್ಜೆಯ ನಿಜವಾದ ಹಡಗಾದರೋ 333 ಮೀಟರು. 1:18ರ ಲೆಕ್ಕಕ್ಕೆ ನಿಂತಿದ್ದರೆ ಆಟಿಕೆ ಹದಿನೆಂಟೂವರೆ ಮೀಟರಾಗಿ, ಜಗಲಿ ದಾಟಿ, ಅಂಗಳ ದಾಟಿ, ತೋಟಕ್ಕಿಳಿಯುತ್ತಿತ್ತು.

1984ರ ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳ ಕಥೆ ಬೇರೆ. ಅಲ್ಲಿ ತಪ್ಪಿದ್ದು ಲೆಕ್ಕವಲ್ಲ, ಸಂಬಂಧ. ಹ್ಯಾಸ್ಬ್ರೊ ಟಕಾರಾದ ಎರಡು ಬೇರೆ ಬೇರೆ ಮಾಲೆಗಳಿಂದ ಗೊಂಬೆಗಳನ್ನು ಆಯ್ದು ಒಂದೇ ಕುಟುಂಬವೆಂದು ಮಾರಿತು. ಲಾರಿಯಾಗುವ ಆಪ್ಟಿಮಸ್ ಪ್ರೈಮ್ 'ಡಯಾಕ್ಲೋನ್' ಮಾಲೆಯವನು. ಪುಟ್ಟ ಕಾರಾಗುವ ಬಂಬಲ್‌ಬೀ, ಪಿಸ್ತೂಲಾಗುವ ಮೆಗಟ್ರಾನ್, ಕ್ಯಾಸೆಟ್ ಪ್ಲೇಯರಾಗುವ ಸೌಂಡ್‌ವೇವ್ ಇವರೆಲ್ಲ 'ಮೈಕ್ರೋ ಚೇಂಜ್' ಮಾಲೆಯವರು. ಆ ಎರಡನೆಯ ಮಾಲೆಯ ಕಲ್ಪನೆಯೇ ಮನೆಯ ಮೇಜಿನ ಮೇಲಿನ ವಸ್ತುಗಳು ಇದ್ದಷ್ಟೇ ಗಾತ್ರದಲ್ಲಿ ರೋಬೋಟುಗಳಾಗುವುದು. ಆಟದ ಕಾರು ಅಲ್ಲಿ ಆಟದ ಕಾರಾಗಿಯೇ ಇತ್ತು. ಅದನ್ನು ನಿಜವಾದ ಕಾರೆಂದು ಕರೆದು ಲಾರಿಯ ಪಕ್ಕದಲ್ಲಿ ನಿಲ್ಲಿಸಿದಾಗ ಅನುಪಾತ ಮುರಿದುಬಿತ್ತು. ವ್ಯಂಗ್ಯಚಿತ್ರ ಸರಣಿಯಲ್ಲಿ ಮೆಗಟ್ರಾನ್ ಎಲ್ಲರನ್ನೂ ನಡುಗಿಸುವ ನಾಯಕ. ಪಿಸ್ತೂಲಾದ ಮರುಕ್ಷಣ ತನ್ನದೇ ಬಂಟನ ಅಂಗೈಗೆ ಹಿಡಿಸುವಷ್ಟಾಗುತ್ತಾನೆ. ಅದು ಹೇಗೆಂದು ಯಾವ ಮಗುವೂ ಕೇಳದೆ ಇರಲಿಲ್ಲ.

ಈಗ ತಂದೆ-ತಾಯಿಯರಾಗಿರುವ ತಲೆಮಾರಿಗೂ ಇದು ಅಪರಿಚಿತವಲ್ಲ. ಎಂಬತ್ತರ ದಶಕದ ಕೊನೆಗೆ ಲಿಯೋ ಮ್ಯಾಟೆಲ್ ಭಾರತದಲ್ಲಿ ಹೀ-ಮ್ಯಾನ್ ಗೊಂಬೆಗಳನ್ನು ಮಾರಿತು; ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೊ ಕೂಡಿ ಕಟ್ಟಿದ, ಗೋವೆಯಲ್ಲಿ ಕಾರ್ಖಾನೆಯಿರುವ ಫನ್‌ಸ್ಕೂಲ್ ಜಿ.ಐ. ಜೋ ಗೊಂಬೆಗಳನ್ನು ಮಾರಿತು. ಹೀ-ಮ್ಯಾನ್ ಐದೂವರೆ ಇಂಚು, ಜೋ ಮೂರೂಮುಕ್ಕಾಲು. ಇಬ್ಬರನ್ನೂ ಒಂದೇ ಯುದ್ಧಕ್ಕೆ ಇಳಿಸಿದ ಮಕ್ಕಳು ಒಬ್ಬನನ್ನು ರಾಕ್ಷಸನನ್ನಾಗಿ ಮಾಡಿಕೊಂಡು ಆಟ ಮುಂದುವರಿಸಿದರು. ದೇವಾಲಯದ ಗೋಡೆಗಳಲ್ಲಿ ದೇವರು ಆಳೆತ್ತರ, ಅವನ ಪಾದದ ಬಳಿಯ ಭಕ್ತ ಗೇಣುದ್ದವಾಗಿರುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಅಲ್ಲಿ ಗಾತ್ರ ಮಹಿಮೆಯನ್ನು ಹೇಳುತ್ತದೆ. ಗೊಂಬೆಯ ಡಬ್ಬಿಯ ಗಾತ್ರ ಬೆಲೆಯನ್ನಷ್ಟೇ ಹೇಳುತ್ತದೆ.

ತಯಾರಕರು ಉಪಾಯ ಹುಡುಕದೆ ಇಲ್ಲ. 2005ರಲ್ಲಿ 'ಮಾರ್ವೆಲ್ ಲೆಜೆಂಡ್ಸ್' ಮಾಲೆಯಲ್ಲಿ ಗ್ಯಾಲಾಕ್ಟಸ್ ಎಂಬ ಮಹಾದೈತ್ಯನ ಅಂಗಾಂಗಗಳನ್ನು ಬಿಡಿಸಿ, ಒಂದೊಂದು ಗೊಂಬೆಯ ಡಬ್ಬಿಯಲ್ಲಿ ಒಂದೊಂದನ್ನು ಇಟ್ಟರು. ಎಲ್ಲ ಡಬ್ಬಿಗಳನ್ನು ಕೊಂಡವನಿಗೆ ದೈತ್ಯ ಪೂರ್ತಿಯಾದ. ಪ್ರಮಾಣದ ಸಮಸ್ಯೆ ಅಷ್ಟರಮಟ್ಟಿಗೆ ಬಗೆಹರಿಯಿತು. ಅಪ್ಪಂದಿರ ಕಿಸೆಯ ಸಮಸ್ಯೆ ಅಲ್ಲಿಂದ ಆರಂಭವಾಯಿತು.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದು ಮಗುವಿನ ಸುರಕ್ಷತೆಗಾಗಿ ಇರುವ ಗುರುತು, ನೋಡದೆ ಕೊಳ್ಳಬಾರದು. ಆದರೆ ಗೊಂಬೆ ಯಾವ ಪ್ರಮಾಣದ್ದೆಂಬುದನ್ನು ಅದು ತಿಳಿಸುವುದಿಲ್ಲ. ಡಬ್ಬಿಯ ಮೇಲೆ 1:12 ಅಥವಾ 1:18 ಎಂದಿದೆಯೇ, ಬರಿದೇ ಇಂಚಿನ ಲೆಕ್ಕವಿದೆಯೇ ಎಂದು ಕೊಳ್ಳುವವರೇ ನೋಡಿಕೊಳ್ಳಬೇಕು. ಕಂಪಾಸು ಪೆಟ್ಟಿಗೆಯ ಅಡಿಪಟ್ಟಿಯನ್ನು ಅಂಗಡಿಗೆ ಒಯ್ದರೆ ಯಾರೂ ಬೇಡವೆನ್ನರು.

ಜಗಲಿಯ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ವುಲ್ವರಿನ್‌ನ ಎತ್ತರ 160 ಸೆಂಟಿಮೀಟರೆಂದೂ ಹಲ್ಕನದು 240ರ ಆಸುಪಾಸೆಂದೂ ಅವನಿಗೆ ಗೊತ್ತಿತ್ತು. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಭಾಗಾಕಾರ ಮಾಡಿದ. ಹೊಸ ಹಲ್ಕ್ 1:16. ಹೊಸ ವುಲ್ವರಿನ್ ಹೆಚ್ಚುಕಡಿಮೆ 1:11. ಹಳೆಯ ವುಲ್ವರಿನ್ 1:17ರ ಹತ್ತಿರ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸ ವುಲ್ವರಿನ್‌ನನ್ನು ಡಬ್ಬಿಯೊಳಗೆ ಮಲಗಿಸಿ, ಬಣ್ಣ ಮಾಸಿದ ಹಳೆಯದನ್ನು ತೆಗೆದು ಹಲ್ಕನ ಎದುರು ನಿಲ್ಲಿಸಿದ.

"ಅಪ್ಪಾ, ಈಗ ನೋಡಿ" ಎಂದ.

ತಂದೆ ಪತ್ರಿಕೆ ಮಡಚಿಟ್ಟು ಎದ್ದು ಬಂದರು.