ಹೆಸರು ಹೇಳದ ‘ಟಾಂಗ್’: ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿಕೊಳ್ಳೋರು ಯಾರು?

ಗೋಕಾಕ: ಜಿಲ್ಲೆಯ ರಾಜಕೀಯ ಸುದ್ದಿ ಯಾವುದೇ ಇರಲಿ, ಒಂದು ಸಾಲು ತಪ್ಪೋದಿಲ್ಲ. ‘ಹೆಸರು ಹೇಳದೇ ಪರೋಕ್ಷವಾಗಿ ಟಾಂಗ್ ಕೊಟ್ಟರು’. ಕೊಟ್ಟವರು ಯಾರು ಅನ್ನೋದು ಸುದ್ದಿಯಲ್ಲೇ ಇರುತ್ತದೆ. ತಗೊಂಡವರು ಯಾರು ಅನ್ನೋದನ್ನು ಚಹಾದಂಗಡಿ ಕಟ್ಟೆ ಮೇಲೆ ಕೂತ ಮಂದಿ ತೀರ್ಮಾನ ಮಾಡುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಈಗ ಇದೇ ಮಾತಿನ ರೂಢಿ.

ಹಿಂದಿ, ಮರಾಠಿಯಲ್ಲಿ ಟಾಂಗ್ ಅಂದರೆ ಕಾಲು. ಕುಸ್ತಿ ಪೈಲ್ವಾನರಿಗೆ ಅದು ಗೊತ್ತಿರುವ ಪಟ್ಟು. ಎದುರಿನವನ ಕಾಲಿಗೆ ಕಾಲು ಕೊಟ್ಟು ಕೆಡವೋದು. ಮಾತಿನ ಟಾಂಗ್ ಕೂಡ ಹೆಚ್ಚುಕಡಿಮೆ ಹಾಗೇ. ಕೈ ಎತ್ತಿದ್ದು ಕಾಣೋದಿಲ್ಲ, ಎದುರಿನವನು ಬಿದ್ದದ್ದು ಮಾತ್ರ ಕಾಣುತ್ತದೆ.

ಈ ಭಾಗದಲ್ಲಿ ಇದಕ್ಕೆ ಬೇರೆ ಹೆಸರೂ ಇವೆ. ಕೊಂಕು ಅಂದರೆ ಡೊಂಕು, ನೇರ ಇಲ್ಲದ ಮಾತು. ಕುಟುಕು ಅಂದರೆ ಚೇಳಿನ ಕೆಲಸ. ಮರಾಠಿ ಬಲ್ಲವರ ಬಾಯಲ್ಲಿ ಇದು ಟೋಮಣೆ. ಮಗಳಿಗೆ ಅಂದಂಗ ಮಾಡಿ ಸೊಸೆಗೆ ಮುಟ್ಟಿಸೋದಕ್ಕೆ ಮರಾಠಿಯಲ್ಲಿ ‘ಲೇಕೀ ಬೋಲೇ ಸುನೇ ಲಾಗೇ’ ಅನ್ನೋ ಗಾದೆ ಐತಿ. ಕನ್ನಡದ ಗಾದೆ ಇನ್ನೂ ಚುರುಕು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಂದವನು ಹೆಸರು ಹೇಳಲಿಲ್ಲ, ಮುಟ್ಟಿಕೊಂಡವನು ಸಿಕ್ಕಿಬಿದ್ದ.

ಮೂರು ತಾಲೂಕಿನ ಮಾತುಗಾರಿಕೆ

2021ರಲ್ಲಿ ಗೋಕಾಕ ಶಾಸಕ ರಮೇಶ ಜಾರಕಿಹೊಳಿ ಅವರು ಹೆಸರು ಹಿಡಿಯದೇ ‘ಮಹಾನಾಯಕ’ ಎಂದಾಗ ಆ ಒಂದು ಶಬ್ದ ರಾಜ್ಯದ ತುಂಬ ಓಡಾಡಿತು. ಶಬ್ದ ನೋಡಿದರೆ ಹೊಗಳಿಕೆ, ದನಿ ಕೇಳಿದರೆ ಬೇರೆ. ಯಾರಿಗೆ ಅಂದದ್ದು ಅಂತ ಕೇಳಬೇಕಾದ ಅಗತ್ಯವೇ ಯಾರಿಗೂ ಬರಲಿಲ್ಲ.

ಅದಕ್ಕೂ ಮೊದಲು, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಅಣ್ಣ ರಮೇಶ ಬಿಜೆಪಿಯಿಂದ, ತಮ್ಮ ಲಖನ್ ಕಾಂಗ್ರೆಸ್ಸಿನಿಂದ ಗೋಕಾಕದಲ್ಲಿ ಎದುರುಬದುರು ನಿಂತಿದ್ದರು. ಒಂದೇ ಮನೆತನದವರು ಬೇರೆ ಬೇರೆ ಪಕ್ಷದಲ್ಲಿರುವ ಊರಿನಲ್ಲಿ ಹೆಸರಿಗಿಂತ ಸನ್ನೆಗೇ ಬೆಲೆ ಜಾಸ್ತಿ. ನಾಳೆ ಯಾರು ಯಾರ ಜೊತೆ ಕೂಡುತ್ತಾರೋ ಗೊತ್ತಿಲ್ಲದಾಗ, ಹೆಸರು ಹೇಳದವನಿಗೆ ವಾಪಸ್ ಬರೋ ದಾರಿ ತೆರೆದಿರುತ್ತದೆ.

ಹುಕ್ಕೇರಿಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಚುನಾವಣೆ, ಅದರ ಬೆನ್ನಿಗೇ ಅಕ್ಟೋಬರ್‌ನಲ್ಲಿ ಡಿಸಿಸಿ ಬ್ಯಾಂಕ್ ಚುನಾವಣೆ ಬಂದವು. ಕತ್ತಿ ಮತ್ತು ಜಾರಕಿಹೊಳಿ ಬಣಗಳ ಆ ಜಿದ್ದಿನಲ್ಲಿ ‘ಹೊರಗಿನವರು’, ‘ಸ್ವಾಭಿಮಾನ’ ಅನ್ನೋ ಶಬ್ದಗಳೇ ಆಯುಧ. ಹೊರಗಿನವರು ಅಂದರೆ ಯಾವ ಊರಿನವರು ಅಂತ ವೇದಿಕೆ ಮೇಲೆ ಬಿಡಿಸಿ ಹೇಳೋ ಅಗತ್ಯವೇ ಇರಲಿಲ್ಲ.

ಲಾಭ ಯಾರಿಗೆ, ನಷ್ಟ ಯಾರಿಗೆ

ಟಾಂಗ್ ಕೊಡುವವರಿಗೆ ಮೂರು ಲಾಭ. ಒಂದು, ಗದ್ದಲ ಆದರೆ ‘ನಾ ಯಾರ ಹೆಸರೂ ತಗೊಂಡಿಲ್ಲ’ ಅಂತ ಹಿಂದೆ ಸರಿಯಬಹುದು. ಎರಡು, ಎದುರಿನವರು ಉತ್ತರ ಕೊಟ್ಟರೆ ‘ನಿಮಗ್ಯಾಕ ಹತ್ತಿತು?’ ಅಂತ ಕೇಳಬಹುದು. ಮೂರು, ಕೇಳಿದ ಮಂದಿ ತಾವೇ ಹೆಸರು ತುಂಬಿಕೊಳ್ಳುತ್ತಾರೆ. ತಾವೇ ತುಂಬಿದ ಹೆಸರನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡೋದಿಲ್ಲ.

ನಷ್ಟ ಮಾತ್ರ ಸಾಮಾನ್ಯರಿಗೆ. ‘ಕೆಲವರು ಸಂಘದ ರೊಕ್ಕ ತಿಂದಾರ’ ಅಂತ ಒಬ್ಬರು ಭಾಷಣ ಮಾಡಿದರು ಅಂತಿಟ್ಟುಕೊಳ್ಳಿ. ಯಾರು, ಎಷ್ಟು, ಯಾವ ವರ್ಷ? ಏನೂ ಇಲ್ಲ. ಚಪ್ಪಾಳೆ ಬಿತ್ತು, ಸುದ್ದಿ ಆಯಿತು. ಆ ಸಂಘದಲ್ಲಿ ಠೇವಣಿ ಇಟ್ಟ ರೈತನಿಗೆ ಸಿಕ್ಕದ್ದು ರಾತ್ರಿ ನಿದ್ದೆಗೇಡು ಅಷ್ಟೇ. ನಿಜ ಗೊತ್ತಿದ್ದರೆ ದಾರಿ ಇವೆ. ಆಡಿಟ್ ವರದಿ ಐತಿ, ವಾರ್ಷಿಕ ಸಭೆ ಐತಿ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಡಿ ವಿಚಾರಣೆಗೆ ಅವಕಾಶ ಐತಿ. ಅಲ್ಲಿ ಟಾಂಗ್ ನಡೆಯೋದಿಲ್ಲ, ಕಾಗದ ಬೇಕು.

ಕಾನೂನಿಗೂ ಕೊಂಕು ತಿಳಿಯುತ್ತದೆ

ಹೆಸರು ಹೇಳದಿದ್ದರೆ ಕೇಸ್ ಆಗೋದಿಲ್ಲ ಅನ್ನೋದು ಬಹಳ ಮಂದಿಯ ನಂಬಿಕೆ. ಅದು ತಪ್ಪು. ಮಾನಹಾನಿಗೆ ಮೊದಲು ಐಪಿಸಿಯ 499ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಬಂದಿದೆ. ವ್ಯಂಗ್ಯವಾಗಿ ಆಡಿದ ಮಾತೂ ಮಾನಹಾನಿ ಆಗಬಹುದು ಎಂದು ಅದರ ವಿವರಣೆಯಲ್ಲೇ ಇದೆ.

1860ರ ಐಪಿಸಿಯಿಂದಲೂ ಇರುವ ಒಂದು ಉದಾಹರಣೆ ಕೇಳಬೇಕು. ಒಬ್ಬನ ಗಡಿಯಾರ ಕಳುವಾಗಿದೆ. ಇನ್ನೊಬ್ಬ, ಮೂರನೆಯವನನ್ನು ಕುರಿತು, ಅವನು ಪ್ರಾಮಾಣಿಕ, ಗಡಿಯಾರ ಕದ್ದೇ ಇಲ್ಲ ಅನ್ನುತ್ತಾನೆ. ಕದ್ದದ್ದು ಅವನೇ ಅಂತ ಕೇಳಿದವರು ನಂಬಲಿ ಅನ್ನೋ ಉದ್ದೇಶದಿಂದ ಹಾಗೆ ಅಂದಿದ್ದರೆ ಅದು ಮಾನಹಾನಿ. ಯಾರು ಕದ್ದರು ಅಂತ ಕೇಳಿದಾಗ ಬಾಯಿ ಬಿಡದೇ ಬೆರಳು ತೋರಿಸಿದರೂ ಅದೇ ಲೆಕ್ಕ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಜೈಲು, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಆದರೆ ಮಾತು ತನ್ನ ಮೇಲೇ ಬಂದದ್ದು ಅಂತ ನೊಂದವನು ಕೋರ್ಟಿನಲ್ಲಿ ತೋರಿಸಬೇಕು. ಹೆಗಲು ಮುಟ್ಟಿಕೊಂಡ ಅಂತ ನಗೋದಕ್ಕೆ ಅಲ್ಲಿ ಜಾಗ ಇಲ್ಲ.

ಬಜಾರಿನ ಸ್ಟೇಟಸ್

ರಾಜಕಾರಣಿಗಳ ಈ ಪಟ್ಟು ಈಗ ಅಂಗಡಿ ಕಟ್ಟೆಗೂ ಇಳಿದಿದೆ. ‘ಕೆಲವರಂಗ ನಾವು ಕಲಬೆರಕಿ ಮಾರೂದಿಲ್ಲ’ ಅಂತ ವಾಟ್ಸಾಪ್ ಸ್ಟೇಟಸ್. ಒಂದೇ ಸಾಲಿನಲ್ಲಿ ನಾಲ್ಕು ಕರದಂಟಿನ ಅಂಗಡಿ ಇರುವ ಬಜಾರಿನಲ್ಲಿ ಇಂಥ ಸ್ಟೇಟಸ್ ಬಿದ್ದರೆ ಉಳಿದ ಮೂರೂ ಅಂಗಡಿಯ ಗಿರಾಕಿಗೆ ಸಂಶಯ ಬರುತ್ತದೆ. ರಾಜಕಾರಣಿಗೆ ಮರುದಿನ ಪತ್ರಿಕಾಗೋಷ್ಠಿ ಇದೆ. ಅಂಗಡಿಯವನಿಗೆ ಯಾವ ಗೋಷ್ಠಿ? ಗಲ್ಲೆ ಮುಂದೆ ಕೂತು ಬಾರದ ಗಿರಾಕಿಯ ದಾರಿ ನೋಡೋದು ಅಷ್ಟೇ.

ಕಲಬೆರಕೆ ನಿಜವಾಗಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ, ತೂಕದಲ್ಲಿ ಮೋಸ ಇದ್ದರೆ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಸದುದ್ದೇಶದಿಂದ ಅಧಿಕಾರ ಇದ್ದವರ ಮುಂದೆ ಕೊಟ್ಟ ದೂರಿಗೆ ಮಾನಹಾನಿ ಕಾನೂನಿನಲ್ಲೇ ವಿನಾಯಿತಿ ಇದೆ. ಅಂದರೆ ನೇರ ಮಾತಿಗೆ ಕಾನೂನಿನ ರಕ್ಷಣೆ ಐತಿ, ಕೊಂಕು ಮಾತಿಗೆ ಇಲ್ಲ.

ಹೇಳದೇ ಹೇಳೋದು ಕಾವ್ಯದಲ್ಲಿ ಗುಣ. ಹಳೆಯ ಪಂಡಿತರು ಅದನ್ನು ಧ್ವನಿ ಅಂತ ಕರೆದು ಎತ್ತರದಲ್ಲಿಟ್ಟರು. ಸೊಸೈಟಿ ಲೆಕ್ಕ, ಊರ ರಸ್ತೆ, ಅಂಗಡಿ ಸಾಮಾನು ಕಾವ್ಯ ಅಲ್ಲ. ಮುಂದಿನ ಸಭೆಯಲ್ಲಿ ಯಾರಾದರೂ ‘ಕೆಲವರು’ ಅಂತ ಶುರು ಮಾಡಿದರೆ, ಚಪ್ಪಾಳೆಗೆ ಮೊದಲು ಮುಂದಿನ ಸಾಲಿನವರು ಒಂದು ಮಾತು ಕೇಳಬಹುದು: ‘ಕೆಲವರು ಅಂದ್ರ ಯಾರ್ರೀ?’ ಉತ್ತರ ಬಂದರೆ ಅದು ಆರೋಪ, ತನಿಖೆ ಆಗಲಿ. ಬರದಿದ್ದರೆ ಅದು ಬರೇ ಟಾಂಗ್. ಮನೆಗೆ ಒಯ್ಯಬೇಕಿಲ್ಲ.