ನೂರು ಪರೀಕ್ಷೆ, ಐದು ಭಯ

ರೋಗವಿಲ್ಲದವರ ರಕ್ತವನ್ನು ನೂರು ಬಗೆಯಲ್ಲಿ ಪರೀಕ್ಷಿಸಿ, ‘ನಿಮಗಾಗಿಯೇ’ ಎಂದು ಆಹಾರಪಟ್ಟಿ ಕೊಡುವ ಖಾಸಗಿ ವ್ಯಾಪಾರ ಬೆಳೆಯುತ್ತಿದೆ. ಒಂದು ಮಾತು ತಿಳಿದಿರಲಿ. ಹೆಚ್ಚಿನ ಪರೀಕ್ಷೆಗಳ ‘ಸಾಮಾನ್ಯ ಮಿತಿ’ಯನ್ನು ಗೊತ್ತುಮಾಡುವುದೇ ಆರೋಗ್ಯವಂತರಲ್ಲಿ ಶೇ. 95 ಮಂದಿ ಅದರೊಳಗೆ ಬರುವಂತೆ. ಹಾಗಾಗಿ ನೂರರಲ್ಲಿ ಸರಾಸರಿ ಐದು ಪರೀಕ್ಷೆಗಳು ನಿರೋಗಿಗೂ ‘ದೋಷ’ ತೋರಿಸಿಯಾವು. ಆ ಭಯವೇ ಪುಡಿ, ಮಾತ್ರೆ ಮಾರುವವರ ಬಂಡವಾಳ.

ಯಾವ ಆಹಾರ ಒಗ್ಗದೆಂದು ಹೇಳುವುದಾಗಿ ಮಾರುವ ಐಜಿಜಿ4 ಪರೀಕ್ಷೆ ತೋರಿಸುವುದು ಆ ಆಹಾರ ತಿಂದ ಗುರುತನ್ನಷ್ಟೆ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ರೋಗನಿರ್ಣಯಕ್ಕೆ ಅದು ಬೇಡವೆಂದಿದೆ. ಅದನ್ನು ನಂಬಿ ಹಾಲು, ಗೋಧಿ, ಶೇಂಗಾ ತಪ್ಪಿಸಿದರೆ ಮಕ್ಕಳು ಸೊರಗಿಯಾರು.

ಮೂವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ ತೋರಿಸಿಕೊಳ್ಳಲಿ. ಅದಕ್ಕೆ ಸರಕಾರಿ ಆರೋಗ್ಯ ಕೇಂದ್ರವೇ ಸಾಕು. ಕಾಯಕದ ಹಣ ಭಯಕ್ಕೆ ಸಲ್ಲಬಾರದು.