ಮಾರ್ಗ ಬಲ್ಲವನ ದೇಶಿ

ಕಲಿತ ವಿದ್ಯೆಯನ್ನು ಕಲಿಸಿದವರು ತೋರಿದ ಹಾದಿಯಲ್ಲಿಯೇ ಬಳಸಬೇಕೆ, ಬೇರೆ ಹಾದಿ ಹಿಡಿದರೆ ಅದು ಗುರುದ್ರೋಹವಾಗುವುದೆ ಎಂಬ ಪ್ರಶ್ನೆ ವಿದ್ಯಾಸಂಸ್ಥೆಗಳನ್ನು ನಡೆಸುವವರಿಗೆಲ್ಲ ಒಂದಿಲ್ಲೊಂದು ದಿನ ಎದುರಾಗುತ್ತದೆ. ಸಂಗೀತದ ವಿಷಯದಲ್ಲಂತೂ ಈ ಪ್ರಶ್ನೆ ಬಹುಬೇಗ ಬಿಸಿಯೇರುತ್ತದೆ. ಏಳೆಂಟು ವರ್ಷ ಶಾಸ್ತ್ರೋಕ್ತವಾಗಿ ಪಾಠ ಹೇಳಿಸಿಕೊಂಡ ಹುಡುಗನು ಗಿಟಾರು ಹಿಡಿದು ರಾಕ್ ಸಂಗೀತದ ತಂಡವನ್ನು ಸೇರಿದನೆಂದರೆ, ವಿದ್ಯೆ ಮಣ್ಣುಪಾಲಾಯಿತೆಂದು ಹಿರಿಯರು ಮರುಗುತ್ತಾರೆ. ಆ ಬಗೆಯ ಸಂಗೀತಕ್ಕೆ ಇಷ್ಟೆಲ್ಲ ಪಾಠವೇತಕ್ಕೆ ಬೇಕಿತ್ತೆಂದು ತರುಣರು ನಗುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹತ್ತಿರದ ನಿದರ್ಶನಗಳಲ್ಲಿ ರಾಗದ್ವೇಷಗಳು ಬೆರೆಯುವುದು ಸಹಜವಾದುದರಿಂದ, ದೂರದ ಇಂಗ್ಲೆಂಡಿನ ಒಬ್ಬ ಕಲಾವಿದನ ಬಾಳನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇನೆ.

ಜಾನ್ ಲಾರ್ಡ್ ಅವರು 1941ರಲ್ಲಿ ಲೆಸ್ಟರ್ ನಗರದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಪಿಯಾನೋದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಶಿಕ್ಷಣ ಆರಂಭವಾಯಿತು. ಬಾಖನ ಕೃತಿಗಳು ಅವರ ಬೆರಳಿಗೂ ಬುದ್ಧಿಗೂ ಮೊದಲ ಸಂಸ್ಕಾರವನ್ನಿತ್ತವು. ತರುಣರಾದ ಮೇಲೆ ನಾಟಕಕಲೆಯನ್ನು ಅಭ್ಯಾಸಮಾಡಲು ಲಂಡನ್ನಿಗೆ ಹೋದರು. ಅಲ್ಲಿ ಜೀವನೋಪಾಯಕ್ಕಾಗಿ ಜಾಸ್ ಮತ್ತು ಬ್ಲೂಸ್ ತಂಡಗಳಲ್ಲಿ ನುಡಿಸತೊಡಗಿ, 1968ರಲ್ಲಿ ‘ಡೀಪ್ ಪರ್ಪಲ್’ ಎಂಬ ರಾಕ್ ತಂಡದ ಸ್ಥಾಪಕರಲ್ಲೊಬ್ಬರಾದರು.

ಅವರು ಆರಿಸಿಕೊಂಡ ವಾದ್ಯ ಹ್ಯಾಮಂಡ್ ಆರ್ಗನ್. 1935ರಲ್ಲಿ ಮಾರಾಟಕ್ಕೆ ಬಂದ ಈ ವಿದ್ಯುತ್ ವಾದ್ಯವು ದೊಡ್ಡ ಕೊಳವೆಗಳ ಆರ್ಗನ್ನನ್ನು ಕೊಳ್ಳಲಾರದ ಚರ್ಚುಗಳಲ್ಲಿ ಬಳಕೆಯಾಗುತ್ತಿದ್ದಿತು. ಲಾರ್ಡರು ಅದನ್ನು ಗಿಟಾರಿಗೆಂದು ರಚಿತವಾದ ಮಾರ್ಷಲ್ ಧ್ವನಿವರ್ಧಕಕ್ಕೆ ಜೋಡಿಸಿದರು. ಭಜನೆಗೆ ಒದಗುತ್ತಿದ್ದ ನಾದವು ಗುಡುಗಾಗಿ ಮಾರ್ಪಟ್ಟಿತು. ಹೊರಗಿನಿಂದ ಕೇಳುವವರಿಗೆ ಇದು ಪರಂಪರೆಯ ಧಿಕ್ಕಾರವೆನಿಸಬಹುದು. ಆದರೆ 1972ರ ‘ಮಷೀನ್ ಹೆಡ್’ ಧ್ವನಿಮುದ್ರಿಕೆಯಲ್ಲಿರುವ ‘ಹೈವೇ ಸ್ಟಾರ್’ ಗೀತೆಯ ನಡುವೆ ಅವರು ನುಡಿಸುವ ಭಾಗವನ್ನು ಗಮನವಿಟ್ಟು ಕೇಳಿದರೆ, ಆ ಅಬ್ಬರದ ಒಳಗೆ ಬಾಖನ ಕಾಲದ ಸ್ವರಸಂಚಾರದ ಕ್ರಮವು ಅಚ್ಚುಕಟ್ಟಾಗಿ ಸಾಗುತ್ತಿರುವುದು ತಿಳಿಯುತ್ತದೆ. ಗದ್ದಲ ಹೊಸದು, ವ್ಯಾಕರಣ ಹಳೆಯದು.

ಇದಕ್ಕೂ ಮುನ್ನ, 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಒಂದು ಪ್ರಯೋಗ ನಡೆದಿತ್ತು. ರಾಕ್ ತಂಡವೂ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವೂ ಒಂದೇ ವೇದಿಕೆಯಲ್ಲಿ ನುಡಿಸುವಂತೆ ಲಾರ್ಡರು ‘ಕನ್ಸರ್ಟೊ ಫಾರ್ ಗ್ರೂಪ್ ಅಂಡ್ ಆರ್ಕೆಸ್ಟ್ರಾ’ ಎಂಬ ಮೂರು ಭಾಗಗಳ ಕೃತಿಯನ್ನು ರಚಿಸಿದ್ದರು. ಶಾಸ್ತ್ರೀಯ ವಲಯದಲ್ಲಿ ಹೆಸರಾಂತ ರಚನಕಾರರಾಗಿದ್ದ ಮಾಲ್ಕಂ ಆರ್ನಾಲ್ಡ್ ಅವರು ಅದನ್ನು ನಿರ್ದೇಶಿಸಿದರು. ವಾದ್ಯವೃಂದದ ಕೆಲವರಿಗೆ ಈ ಸಹವಾಸ ಹಿಡಿಸಿರಲಿಲ್ಲ. ಇತ್ತ ತಮ್ಮದೇ ತಂಡದ ಗಿಟಾರ್ ವಾದಕರಿಗೂ ಆ ಕಡೆಗೆ ಒಲವಿರಲಿಲ್ಲ. ಎರಡು ಮನೆಯವರಿಗೂ ಪೂರ್ತಿಯಾಗಿ ಒಪ್ಪಿಗೆಯಾಗದ ಮದುವೆ ಅದು. ಆದರೂ ಆರ್ನಾಲ್ಡ್ ಅವರಂತಹ ಹಿರಿಯರು ಬೆನ್ನಿಗೆ ನಿಂತುದರಿಂದ ಅದು ನೆರವೇರಿತು.

ಮುಂದಿನ ಸಂಗತಿ ನನ್ನಂತಹ ಪಾಠಕನಿಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುತ್ತದೆ. 1970ರಲ್ಲಿ ಆ ಕೃತಿಯ ಸ್ವರಲಿಪಿಯ ಪ್ರತಿ ಕಳೆದುಹೋಯಿತು. ಸುಮಾರು ಮೂರು ದಶಕ ಅದನ್ನು ಮತ್ತೆ ನುಡಿಸುವವರಿಲ್ಲವಾಯಿತು. ಧ್ವನಿಮುದ್ರಿಕೆಯೇನೋ ಉಳಿದಿತ್ತು, ಆದರೆ ಹತ್ತಾರು ವಾದ್ಯಗಳು ಒಟ್ಟಾಗಿ ನುಡಿಯುವಲ್ಲಿ ಯಾವ ವಾದ್ಯ ಯಾವ ಸ್ವರವನ್ನು ಹಿಡಿದಿದೆಯೆಂಬುದನ್ನು ಬಿಡಿಸಿ ಬರೆದುಕೊಡುವವರು ಯಾರು? ಕಡೆಗೆ ಮಾರ್ಕೊ ಡ ಖೂಯ್ ಎಂಬ ಡಚ್ ರಚನಕಾರರು ಧ್ವನಿಮುದ್ರಿಕೆಯನ್ನು ಮತ್ತೆ ಮತ್ತೆ ಕೇಳಿ, ಅಂದಿನ ಚಿತ್ರೀಕರಣವನ್ನು ಮತ್ತೆ ಮತ್ತೆ ನೋಡಿ, ಸ್ವರಲಿಪಿಯನ್ನು ಪುನಃ ಸಿದ್ಧಪಡಿಸಿದರು. ಅದನ್ನು ಲಾರ್ಡರೂ ನಿರ್ದೇಶಕ ಪಾಲ್ ಮ್ಯಾನ್ ಅವರೂ ಪರಿಷ್ಕರಿಸಿದರು. 1999ರ ಸೆಪ್ಟೆಂಬರಿನಲ್ಲಿ ಅದೇ ಸಭಾಂಗಣದಲ್ಲಿ, ಲಂಡನ್ ಸಿಂಫನಿ ವಾದ್ಯವೃಂದದೊಡನೆ, ಕೃತಿಯು ಮರುಜನ್ಮ ಪಡೆಯಿತು. ಅಕ್ಷರ ನಷ್ಟವಾದ ಗ್ರಂಥವನ್ನು ಉಳಿದ ಆಧಾರಗಳಿಂದ ಉದ್ಧರಿಸುವ ಶ್ರಮವೇನೆಂಬುದನ್ನು ಓಲೆಗರಿಗಳ ಮುಂದೆ ಕುಳಿತವರೆಲ್ಲ ಬಲ್ಲರು. ರಾಕ್ ಸಂಗೀತಕ್ಕೆ ಪಾಠವೇತಕ್ಕೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ರಾಕ್ ತಂಡವೊಂದರ ಕೃತಿಯು ಕಾಲದ ಬಾಯಿಂದ ಪಾರಾಗಿ ಬಂದುದು ಶಿಕ್ಷಿತವಾದ ಕಿವಿಯಿಂದ, ಶಿಕ್ಷಿತವಾದ ಲೇಖನಿಯಿಂದ.

ನಮ್ಮ ಲಕ್ಷಣಕಾರರು ಸಂಗೀತವನ್ನು ಮಾರ್ಗವೆಂದೂ ದೇಶಿಯೆಂದೂ ವಿಂಗಡಿಸಿದರು. ಮತಂಗನು ತನ್ನ ಗ್ರಂಥಕ್ಕೆ ‘ಬೃಹದ್ದೇಶಿ’ ಎಂದೇ ಹೆಸರಿಟ್ಟನು. ಕನ್ನಡದ ಆದಿಕವಿ ಪಂಪನ ಹಿರಿಮೆಯನ್ನು ಹೇಳುವಾಗಲೂ ಮಾರ್ಗ ದೇಶಿಗಳನ್ನು ಬೆಸೆದನೆಂದೇ ತರಗತಿಗಳಲ್ಲಿ ಬೋಧಿಸುತ್ತೇವೆ. ಸಾಹಿತ್ಯದಲ್ಲಿ ಗುಣವೆಂದು ಕೊಂಡಾಡಿದುದನ್ನು ಸಂಗೀತದಲ್ಲಿ ದೋಷವೆನ್ನುವುದು ಯಾವ ನ್ಯಾಯ? ಆದರೆ ಬೆಸೆಯುವವನಿಗೆ ಎರಡೂ ತಿಳಿದಿರಬೇಕು. ಅರಿತು ಬಿಡುವುದು ಬೇರೆ, ಅರಿಯದೆ ಬಿಡುವುದು ಬೇರೆ. ಛಂದಸ್ಸನ್ನು ಬಲ್ಲವನು ಅದನ್ನು ಮುರಿದರೆ ಅದೊಂದು ಹೊಸ ನಡೆಯಾಗಬಹುದು. ಬಲ್ಲದವನು ಮುರಿದರೆ ಅದು ಬರಿಯ ಮುರುಕು.

ರಾಕ್ ಸಂಗೀತದ ಲೋಕದಲ್ಲಿ ಅತಿಯಾದ ಅಬ್ಬರವಿದೆ, ವ್ಯಸನಗಳ ಸೆಳೆತವಿದೆ, ಕ್ಷಿಪ್ರಖ್ಯಾತಿಯ ಆಸೆಯಿದೆ ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯಲಾರೆ. ಮಕ್ಕಳ ಬಗೆಗೆ ತಂದೆತಾಯಿಗಳು ಅಂಜುವುದರಲ್ಲಿ ಅರ್ಥವಿದೆ. ದಾಟಿದವರೆಲ್ಲರೂ ದಡ ಸೇರುವುದಿಲ್ಲವೆಂಬುದೂ ನಿಜ. ಆದುದರಿಂದಲೇ ಬುನಾದಿ ಗಟ್ಟಿಯಾಗಿರಬೇಕೆಂಬ ಮಾತಿಗೆ ಹೆಚ್ಚು ಬಲ ಬರುತ್ತದೆ. ಲಾರ್ಡರು 2002ರಲ್ಲಿ ತಂಡವನ್ನು ಬಿಟ್ಟ ಮೇಲೆ ವಾದ್ಯವೃಂದಗಳಿಗಾಗಿ ಕೃತಿಗಳನ್ನು ರಚಿಸುವುದರಲ್ಲಿ ತೊಡಗಿದರು. 2007ರಲ್ಲಿ ಡರ್ಹಾಮ್ ವಿಶ್ವವಿದ್ಯಾಲಯದ 175ನೆಯ ವರ್ಷದ ನೆನಪಿಗಾಗಿ ಅವರು ರಚಿಸಿದ ‘ಡರ್ಹಾಮ್ ಕನ್ಸರ್ಟೊ’ ಅಲ್ಲಿಯ ಪುರಾತನ ಕೆಥೀಡ್ರಲ್‌ನಲ್ಲಿ ಮೊದಲ ಬಾರಿಗೆ ನುಡಿಯಿತು. 2011ರಲ್ಲಿ ಹುಟ್ಟೂರಿನ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 2012ರ ಜುಲೈನಲ್ಲಿ ಅವರು ತೀರಿಕೊಂಡರು. ಬಾಲ್ಯದ ವಿದ್ಯೆ ಅವರನ್ನು ಎಂದೂ ಕಟ್ಟಿಹಾಕಲಿಲ್ಲ, ಎಂದೂ ಕೈಬಿಡಲೂ ಇಲ್ಲ.

ಇದರಿಂದ ನಮಗೊದಗುವ ಪಾಠವೇನು? ಶ್ರೀಮಠದ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಎರಡು ಮಾತುಗಳು ಹೊಸವಲ್ಲ: ಕಾಯಕ ಮತ್ತು ದಾಸೋಹ. ಕಲಿಸುವವನ ಕಾಯಕದಲ್ಲಿ ಸಡಿಲಿಕೆ ಸಲ್ಲದು. ಸ್ವರ ತಪ್ಪಿದರೆ ತಿದ್ದಬೇಕು, ತಾಳ ತಪ್ಪಿದರೆ ತಡೆಯಬೇಕು. ಮುಂದೆ ಇವನು ಏನಾಗುವನೋ ಎಂಬ ಲೆಕ್ಕಾಚಾರದಿಂದ ಪಾಠವನ್ನು ಹಗುರಗೊಳಿಸಬಾರದು. ಇನ್ನು ದಾಸೋಹದಲ್ಲಿ ಉಣಬಡಿಸಿದವರು ಉಂಡವನ ಬೆನ್ನುಹತ್ತಿ, ಆ ಬಲದಿಂದ ಯಾವ ದಾರಿಯಲ್ಲಿ ನಡೆದೆಯೆಂದು ಕೇಳುವ ಪದ್ಧತಿಯಿಲ್ಲ. ವಿದ್ಯಾದಾಸೋಹಕ್ಕೂ ಇದೇ ಧರ್ಮ ಸಲ್ಲಬೇಕು. ಕೊಡುವಾಗ ಕಟ್ಟುನಿಟ್ಟು, ಕೊಟ್ಟ ಮೇಲೆ ಔದಾರ್ಯ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಾಳೆ ನಮಗೆ ಪರಿಚಯವಿಲ್ಲದ ವಾದ್ಯದೊಡನೆ ಶಾಲೆಯ ವೇದಿಕೆಗೆ ಬಂದರೆ, ಅವನ ವೇಷವನ್ನು ನೋಡಿ ಬಾಗಿಲು ಮುಚ್ಚದಿರೋಣ. ಮೊದಲು ಶ್ರುತಿ ಸೇರಿದೆಯೇ ಎಂದು ಕೇಳೋಣ. ಸೇರಿದ್ದರೆ ಅವನು ನಮ್ಮವನೇ.